ರೆಪ್ಪೆಯಿಲ್ಲದ ಕಣ್ಣು

ಸಂಸ್ಕೃತದ ‘ಅನಿಮಿಷ’ ಎಂಬ ಪದಕ್ಕೆ ಅಮರಕೋಶ ಎರಡು ಅರ್ಥ ಕೊಡುತ್ತದೆ. ಒಂದು ದೇವತೆ, ಇನ್ನೊಂದು ಮೀನು. ಇಬ್ಬರೂ ರೆಪ್ಪೆ ಮಿಟುಕಿಸದವರು. ನಳನ ರೂಪ ತಾಳಿ ಸಾಲಾಗಿ ನಿಂತ ದೇವತೆಗಳ ನಡುವೆ ದಮಯಂತಿ ನಿಜವಾದ ನಳನನ್ನು ಪತ್ತೆ ಹಚ್ಚಿದ ಕತೆ ನಮಗೆಲ್ಲ ಗೊತ್ತು. ಅವನ ಮೈ ಬೆವರಿತ್ತು, ಹಾರ ಬಾಡಿತ್ತು, ನೆಲದ ಮೇಲೆ ನೆರಳು ಬಿದ್ದಿತ್ತು, ಅವನ ರೆಪ್ಪೆ ಬಡಿಯುತ್ತಿತ್ತು. ಇವೆಲ್ಲ ದಣಿವಿನ, ಸವೆತದ ಗುರುತುಗಳು. ರೆಪ್ಪೆ ಬಡಿಯುವವನು ನೋಯಬಲ್ಲವನು. ಬಡಿಯದವನಿಗೆ ನಮ್ಮ ಮರುಕದ ಅಗತ್ಯವಿಲ್ಲ. ಈ ಲೆಕ್ಕದಲ್ಲಿ ಮೀನು ದೇವತೆಗಳ ಪಂಕ್ತಿಯಲ್ಲಿ ಹೋಗಿ ಕೂತುಬಿಟ್ಟಿದೆ. ಅದರಿಂದ ಅದಕ್ಕೆ ಲಾಭವೇನೂ ಆಗಿಲ್ಲ.

ಮೀನಿಗೆ ರೆಪ್ಪೆ ಇಲ್ಲದಿರುವುದಕ್ಕೆ ಕಾರಣ ಸರಳ. ನಮ್ಮ ರೆಪ್ಪೆಯ ಕೆಲಸ ಕಣ್ಣನ್ನು ಒದ್ದೆಯಾಗಿಡುವುದು, ಕಸ ಒರೆಸುವುದು. ಮೀನಿಗೆ ಆ ಕೆಲಸವನ್ನು ಸುತ್ತಲಿನ ನೀರೇ ಮಾಡುತ್ತದೆ. ಅದಕ್ಕೆ ಕಣ್ಣೀರಿನ ಗ್ರಂಥಿಯೂ ಇಲ್ಲ. ನೀರಿನೊಳಗೆ ಮೀನು ಅತ್ತರೆ ಯಾರಿಗೆ ತಿಳಿಯುತ್ತದೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಮರುಕದ ಮಾತೇ ಅದು. ಆದರೂ ಅದರೊಳಗೆ ಒಂದು ಸಮಾಧಾನ ಅಡಗಿದೆ: ಮೀನು ಅಳುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ನಿಜಸ್ಥಿತಿ ಇದಕ್ಕಿಂತ ತೊಡಕಿನದು. ಅಳಲು ಬೇಕಾದ ಸಲಕರಣೆಯೇ ಅದಕ್ಕಿಲ್ಲ. ಕಣ್ಣು ನೋಯುತ್ತಿರುವ ನಾಯಿ ಕಣ್ಣು ಕಿರಿದು ಮಾಡುತ್ತದೆ, ಮುಂಗಾಲಿನಿಂದ ಉಜ್ಜಿಕೊಳ್ಳುತ್ತದೆ, ಕತ್ತಲ ಮೂಲೆ ಹುಡುಕುತ್ತದೆ. ಮಗುವಾದರೆ ಹೇಳುವುದೇ ಬೇಡ. ಮೀನಿನ ಕಣ್ಣು ಕೊಳೆಯುತ್ತಿದ್ದರೂ ತೆರೆದೇ ಇರುತ್ತದೆ, ಮುಖದಲ್ಲಿ ಅದೇ ಭಾವ. ಇನ್ನೊಂದು ಜೀವದ ಸಂಕಟವನ್ನು ಓದಲು ನಾವು ಹುಟ್ಟಿನಿಂದ ಕಲಿತ ಲಿಪಿಯ ಒಂದಕ್ಷರವೂ ಅಲ್ಲಿ ಬರೆದಿರುವುದಿಲ್ಲ.

ಹಾಗಾದರೆ ಅದಕ್ಕೆ ಕಣ್ಣಿನ ತೊಂದರೆ ಆಗಿದೆ ಎಂದು ತಿಳಿಯುವುದು ಹೇಗೆ? ತಿಳಿದ ಮೇಲೆ ಏನಾದರೂ ಮಾಡಲೇಬೇಕು ಅನ್ನುವ ಹಂಗು ಬರುವುದಾದರೂ ಎಲ್ಲಿಂದ? ಎರಡನೆಯ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲೇ ಅರ್ಧ ಇದೆ ಎಂದು ನನಗೆ ಅನ್ನಿಸುತ್ತ ಬಂದಿದೆ. ಆದ್ದರಿಂದ ಮೊದಲು ಕಣ್ಣಿನ ಪರೀಕ್ಷೆಯನ್ನೇ ನೋಡೋಣ.

ನಮ್ಮ ಸಂಶೋಧನಾರ್ಥಿಗಳ ಕೋಣೆಯಲ್ಲಿ ಸುಮಾರು 60 ಲೀಟರಿನ ಒಂದು ಗಾಜಿನ ತೊಟ್ಟಿ ಇದೆ. ಯಾರೋ ಪಿಎಚ್‌.ಡಿ ಮುಗಿಸಿ ಹೋಗುವಾಗ ಬಿಟ್ಟುಹೋದದ್ದು. ಅದರಲ್ಲಿ ಎರಡು ಮೀನು: ಕಿತ್ತಳೆ ಬಣ್ಣದ ಸಾಧಾರಣ ಗೋಲ್ಡ್‌ಫಿಶ್ ಒಂದು, ಕಪ್ಪು ಮಖಮಲ್ಲಿನಂಥ ಮೈಯ, ಕಣ್ಣುಗುಡ್ಡೆ ಎರಡೂ ಹೊರಗೆ ಚಾಚಿದ ಬ್ಲ್ಯಾಕ್ ಮೂರ್ ಒಂದು. ಹೋದ ವರ್ಷ ಈ ಕಪ್ಪು ಮೀನಿನ ಬಲಗಣ್ಣಿನ ಮೇಲೆ ಮಂಜು ಕವಿದಂತೆ ಕಾಣತೊಡಗಿತು. ಅಂಗಡಿಯವರನ್ನು ಕೇಳಿದಾಗ ಬಂದ ಉತ್ತರ ಚುಟುಕಾಗಿತ್ತು: “ಈ ನೀಲಿ ಹನಿ ಹಾಕಿ ನೋಡಿ ಮೇಡಂ. ಹೋಗ್ಲಿಲ್ಲಾಂದ್ರೆ ಹೊಸದು ತಗೊಳ್ಳಿ, 60 ರೂಪಾಯಿ.”

ಮೀನು ಸಾಕಿ ಅನುಭವ ಇದ್ದವರು, ಮೀನಿನ ವೈದ್ಯ ಓದಿದವರು ಇದನ್ನು ಬೇರೆ ರೀತಿಯಲ್ಲಿ ಶುರುಮಾಡುತ್ತಾರೆ. ಮೊದಲು ಕೇಳುವುದು ಒಂದು ಕಣ್ಣೋ ಎರಡೂ ಕಣ್ಣೋ ಎಂದು. ಒಂದೇ ಕಣ್ಣಾದರೆ ಪೆಟ್ಟು ಬಿದ್ದಿರುವ ಸಾಧ್ಯತೆ ಹೆಚ್ಚು. ಚೂಪಾದ ಪ್ಲಾಸ್ಟಿಕ್ ಗಿಡ, ಕಪ್ಪೆಚಿಪ್ಪಿನ ಅಲಂಕಾರ, ಬಲೆಯಲ್ಲಿ ಹಿಡಿಯುವಾಗಿನ ಉಜ್ಜಾಟ, ಜೊತೆ ಮೀನಿನ ಕಚ್ಚಾಟ, ಇವುಗಳಲ್ಲಿ ಯಾವುದೋ ಒಂದು. ಎರಡೂ ಕಣ್ಣಾದರೆ ತೊಂದರೆ ನೀರಿನಲ್ಲಿರಬೇಕು, ಇಲ್ಲವೇ ಮೈಯೊಳಗೆ: ಸೋಂಕು, ಮೂತ್ರಪಿಂಡದ ಸೋಲು, ಹೊರಹೋಗದೆ ನಿಂತ ದ್ರವ. ಎರಡನೆಯ ಪ್ರಶ್ನೆ, ಒಂದೇ ಮೀನಿಗೋ ಹಲವಕ್ಕೋ? ಮೂರನೆಯದಕ್ಕೆ ಟಾರ್ಚ್ ಬೇಕು. ಕೋಣೆ ಕತ್ತಲು ಮಾಡಿ ಪಕ್ಕದಿಂದ ಬೆಳಕು ಬಿಟ್ಟರೆ ಮಬ್ಬು ಕಣ್ಣಿನ ಮೇಲ್ಪದರದಲ್ಲಿದೆಯೋ ಒಳಗಿನ ಮಸೂರದಲ್ಲಿದೆಯೋ ಎಂದು ಹೇಳಬಹುದು. ಮೇಲ್ಪದರ, ಅಂದರೆ ಕಾರ್ನಿಯಾ ಮಬ್ಬಾಗಿದ್ದರೆ ಗಾಯ ಅಥವಾ ಕೆಟ್ಟ ನೀರು, ಅದು ಮಾಯಬಹುದು. ಒಳಗೆ ಬಿಳಿ ಮುತ್ತು ಕೂತಂತೆ ಕಂಡರೆ ಅದು ಪೊರೆ. ಪೌಷ್ಟಿಕಾಂಶದ ಕೊರತೆಯಿಂದ, ವಂಶದಿಂದ, ಕಣ್ಣಿನ ಹುಳದಿಂದ, ವಯಸ್ಸಿನಿಂದಲೂ ಬರುವಂಥದು. ತೊಟ್ಟಿಯಲ್ಲಿ ಅದಕ್ಕೆ ಮದ್ದಿಲ್ಲ.

ಕಣ್ಣು ಉಬ್ಬಿ ಹೊರಬರುವುದಕ್ಕೆ ಹವ್ಯಾಸಿಗಳು ‘ಪಾಪ್ ಐ’ ಅನ್ನುತ್ತಾರೆ. ಕಾಯಿಲೆಯ ಹೆಸರಿನಂತೆ ಕೇಳಿಸುವ ಇದು ಕಾಯಿಲೆಯಲ್ಲ, ಜ್ವರ ಅಂದಂತೆ ಒಂದು ಲಕ್ಷಣ ಮಾತ್ರ. ಕಣ್ಣಿನ ಹಿಂದೆ ಏನೋ ತುಂಬಿಕೊಂಡಿದೆ ಎಂದಷ್ಟೇ ಅದು ಹೇಳುತ್ತದೆ. ದ್ರವ ಇರಬಹುದು, ಕೀವು ಇರಬಹುದು, ಗಾಳಿಯ ಗುಳ್ಳೆಯೂ ಇರಬಹುದು. ನೀರಿನಲ್ಲಿ ಅನಿಲ ಮಿತಿಮೀರಿ ಕರಗಿದರೆ ಸೋಡಾ ಬಾಟಲಿ ತೆರೆದಾಗ ಏಳುವಂತೆ ಮೀನಿನ ರಕ್ತದಲ್ಲಿ, ಕಣ್ಣಿನಲ್ಲಿ ಗುಳ್ಳೆಗಳೇಳುತ್ತವೆ. ಅಮೆರಿಕದ ಕೊಲಂಬಿಯಾ ನದಿಯಲ್ಲಿ ದೊಡ್ಡ ಅಣೆಕಟ್ಟುಗಳಿಂದ ಧುಮುಕುವ ನೀರು ಗಾಳಿಯನ್ನು ಆಳಕ್ಕೆ ಎಳೆದೊಯ್ದು ಕೆಳಗಿನ ಮೀನುಗಳಿಗೆ ಇದೇ ಗತಿ ತಂದಿತ್ತು. ಮನೆಯ ತೊಟ್ಟಿಯಲ್ಲಿ ಪಂಪಿನ ಸೋರುವ ಕೊಳವೆ ಸಣ್ಣ ಪ್ರಮಾಣದಲ್ಲಿ ಅದನ್ನೇ ಮಾಡಬಲ್ಲದು.

ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ ಹೋದಂತೆ ವಿಚಾರಣೆ ಮೀನಿನ ಕಣ್ಣಿನಿಂದ ದೂರ ಸರಿಯುತ್ತದೆ. ಟಾರ್ಚ್ ಇಟ್ಟು ಟೆಸ್ಟ್ ಕಿಟ್ ತೆಗೆದುಕೊಳ್ಳಬೇಕಾಗುತ್ತದೆ. ಅಮೋನಿಯಾ ಎಷ್ಟು, ನೈಟ್ರೈಟ್ ಎಷ್ಟು, ಪಿಎಚ್ ಎಷ್ಟು. ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ನದಿಯಲ್ಲಿ ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಫಿಲ್ಟರಿನ ಸ್ಪಂಜಿನೊಳಗೆ ಮನೆಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಇವು ನೆಲೆಯೂರಲು ಒಂದು ತಿಂಗಳಿಗೂ ಹೆಚ್ಚು ಬೇಕಾದೀತು, ಸಾಯಲು ಹೆಚ್ಚು ಹೊತ್ತು ಬೇಡ. ನೀರು ಕ್ಷಾರೀಯವಾದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಅದು ಮೊದಲು ಸುಡುವುದು ನೀರಿಗೆ ನೇರವಾಗಿ ತೆರೆದುಕೊಂಡ ಭಾಗಗಳನ್ನು: ಕಿವಿರು, ಚರ್ಮ, ಕಣ್ಣು.

ನಮ್ಮ ತೊಟ್ಟಿಯ ನೀರಿನಲ್ಲಿ ಅಮೋನಿಯಾ ಇತ್ತು. ಯಾಕೆ ಎಂದು ಹುಡುಕಿದಾಗ ಗೊತ್ತಾಯಿತು: ಪ್ರತಿ ಶುಕ್ರವಾರ ಸಂಜೆ ವಿದ್ಯುತ್ ಉಳಿತಾಯದ ಸುತ್ತೋಲೆಯ ಪ್ರಕಾರ ಆ ಮಹಡಿಯ ಮೇನ್ ಸ್ವಿಚ್ ಆರಿಸಲಾಗುತ್ತಿತ್ತು. ಸೋಮವಾರ ಬೆಳಗ್ಗೆ ಹಾಕುತ್ತಿದ್ದರು. ಎರಡೂವರೆ ದಿನ ಫಿಲ್ಟರ್ ನಿಂತರೆ ಸ್ಪಂಜಿನೊಳಗಿನ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸಾಯುತ್ತವೆ. ಸೋಮವಾರ ಪಂಪ್ ಶುರುವಾದಾಗ ಆ ಕೊಳೆತದ್ದೆಲ್ಲ ತೊಟ್ಟಿಗೆ ಬರುತ್ತದೆ. ಸುತ್ತೋಲೆ ಬರೆದವರಿಗೆ ಮೀನಿನ ಮೇಲೆ ದ್ವೇಷವಿರಲಿಲ್ಲ, ಸ್ವಿಚ್ ಆರಿಸುವವರು ತಮ್ಮ ಕೆಲಸ ಮಾಡುತ್ತಿದ್ದರು. ಬಲಗಣ್ಣಿಗೆ ಮೊದಲೇ ಪ್ಲಾಸ್ಟಿಕ್ ಗಿಡದ ಎಲೆ ತರಚಿದ್ದಿರಬೇಕು. ಆ ಗಾಯದ ಮೇಲೆ ವಾರವಾರವೂ ಈ ನೀರು.

ಟೆಸ್ಟ್ ಕಿಟ್ ತಂದ ದಿನ ನನ್ನ ಕಿರಿಯ ಸಹಪಾಠಿಯೊಬ್ಬ ಕೇಳಿದ: “60 ರೂಪಾಯಿ ಮೀನಿಗೆ 600 ರೂಪಾಯಿ ಕಿಟ್ಟಾ ಅಕ್ಕಾ?” ಕುಹಕದಿಂದ ಕೇಳಿದ್ದಲ್ಲ. ಫೆಲೋಶಿಪ್ ನಾಲ್ಕು ತಿಂಗಳು ತಡವಾಗಿರುವಾಗ ಇದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಎಲ್ಲರೂ ಥಟ್ಟನೆ ಕೊಡುವ ಉತ್ತರ, “ಅದಕ್ಕೂ ನೋವಾಗುತ್ತದಲ್ಲ” ಎಂಬುದು. ಆದರೆ ಆಗುತ್ತದೆಯೇ?

ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ಹಾನಿಕಾರಕ ಒತ್ತಡ, ಶಾಖ, ರಾಸಾಯನಿಕಗಳಿಗೆ ಸ್ಪಂದಿಸುವ ನರತುದಿಗಳಿವೆ ಎಂದು ತೋರಿಸಿದರು. ತುಟಿಗೆ ಅಸಿಟಿಕ್ ಆಮ್ಲ ಚುಚ್ಚಿದ ಮೀನುಗಳು ಊಟ ಬಿಟ್ಟವು, ತಳದಲ್ಲಿ ಕೂತು ಮೈ ತೂಗಿದವು, ತುಟಿಯನ್ನು ಕಲ್ಲಿಗೆ ಉಜ್ಜಿದವು. ಮಾರ್ಫಿನ್ ಕೊಟ್ಟಾಗ ಈ ವರ್ತನೆ ಕಡಿಮೆಯಾಯಿತು. 2006ರಲ್ಲಿ ಸ್ನೆಡನ್ ಇದ್ದ ಇನ್ನೊಂದು ತಂಡ ಅದೇ ಬಗೆಯ ನರತುದಿಗಳನ್ನು ಟ್ರೌಟಿನ ಕಾರ್ನಿಯಾದಲ್ಲೂ ಗುರುತಿಸಿತು. ಅಂದರೆ ಕಣ್ಣಿನ ಆ ಪದರ ಬರಿಯ ಗಾಜಲ್ಲ, ಅಪಾಯದ ಸುದ್ದಿ ಅಲ್ಲಿಂದ ಒಳಗೆ ಹೋಗುತ್ತದೆ. (ನೋವಿದೆಯೇ ಎಂದು ತಿಳಿಯಲು ನೋಯಿಸಲೇಬೇಕಾಯಿತು ಅನ್ನುವುದನ್ನು ನಾನು ಸುಲಭವಾಗಿ ದಾಟಿಹೋಗಲಾರೆ. ಆದರೂ ಆ ಅರಿವನ್ನು ಬಳಸುತ್ತಿದ್ದೇನೆ.) ಇನ್ನೊಂದು ಕಡೆ ಬ್ರಯನ್ ಕೀ ಎಂಬ ನರವಿಜ್ಞಾನಿ 2016ರಲ್ಲಿ ವಾದಿಸಿದರು: ಸುದ್ದಿ ಒಳಗೆ ಹೋದರೆ ಸಾಲದು, ಅದನ್ನು ನೋವಾಗಿ ಅನುಭವಿಸಲು ನಮ್ಮಲ್ಲಿರುವಂಥ ಮಿದುಳಿನ ಹೊರಪದರ ಬೇಕು, ಮೀನಿಗೆ ಅದಿಲ್ಲ. ಆ ಲೇಖನಕ್ಕೆ ಬಂದ ಮರುಮಾತುಗಳಲ್ಲಿ ಒಪ್ಪದವರೇ ಹೆಚ್ಚು. ಹಾಗೆಂದು ಪ್ರಶ್ನೆ ಬಗೆಹರಿಯಿತು ಎನ್ನುವಂತಿಲ್ಲ. ಬಾವಲಿಯಾಗಿರುವುದು ಬಾವಲಿಗೆ ಹೇಗನಿಸುತ್ತದೆ ಎಂದು ಥಾಮಸ್ ನೇಗಲ್ 1974ರಲ್ಲಿ ಕೇಳಿದ್ದು ಮೀನಿನ ಬಗ್ಗೆಯೂ ಹಾಗೆಯೇ ನಿಂತಿದೆ.

ನನಗೆ ಅನ್ನಿಸುವುದು ಇಷ್ಟು. ಗಾಳ ಹಾಕುವವರಿಗೆ, ಬಲೆ ಬೀಸುವವರಿಗೆ, ತಿನ್ನುವವರಿಗೆ ಈ ಜಗಳದ ತೀರ್ಪು ಬೇಕೇ ಬೇಕು. ತೊಟ್ಟಿ ಇಟ್ಟವರು ಅದಕ್ಕಾಗಿ ಕಾಯುತ್ತ ಕೂರುವಂತಿಲ್ಲ. ಕೆರೆಯ ಮೀನಿನ ಕಣ್ಣು ಮಬ್ಬಾದರೆ ಅದಕ್ಕೆ ಕಾರಣ ಮಳೆಯಿರಬಹುದು, ಕೊಕ್ಕರೆಯಿರಬಹುದು, ಹುಳ ಇರಬಹುದು, ಮೇಲ್ಗಡೆಯ ಕಾರ್ಖಾನೆಯೂ ಇರಬಹುದು. ತೊಟ್ಟಿಯ ಮೀನಿಗೆ ಮಳೆ, ಬಿಸಿಲು, ಹರಿವು, ಋತು ಎಲ್ಲವೂ ಸಾಕಿದವರೇ. ಗಾಜಿನ ನಾಲ್ಕು ಗೋಡೆಯ ಒಳಗೆ ನಡೆಯುವುದರಲ್ಲಿ ಯಾರದೂ ಅಲ್ಲದ ಕೃತ್ಯವೇ ಇಲ್ಲ. ‘ಪ್ರಕೃತಿ’ ಎಂದು ಕೈತೊಳೆದುಕೊಳ್ಳಲು ಅಲ್ಲಿ ಜಾಗವೇ ಉಳಿದಿಲ್ಲ. ಹೀಗಾಗಿ ಆ ಕಣ್ಣಿಗೆ ಚಿಕಿತ್ಸೆ ಕೊಡುವುದನ್ನು ದಯೆಯ ಕೆಲಸ ಅನ್ನುವುದಕ್ಕಿಂತ ಬಾಕಿ ತೀರಿಸುವ ಕೆಲಸ ಅನ್ನುವುದು ಸರಿ. ನನ್ನ ಕಿರಿಯನಿಗೆ ಕೊಟ್ಟ ಉತ್ತರವೂ ಅದೇ: 60 ರೂಪಾಯಿ ಮೀನಿನದು, 600 ರೂಪಾಯಿ ನೀರಿನದು.

ಇದಕ್ಕೆ ದೊಡ್ಡ ಪ್ರಮಾಣದ ಒಂದು ಉದಾಹರಣೆ ಸಾಲ್ಮನ್ ಸಾಕಣೆಯಲ್ಲಿದೆ. ಹುಚ್ಚುಹಸು ರೋಗದ ಭಯ ಹಬ್ಬಿದ 1990ರ ದಶಕದಲ್ಲಿ ಯುರೋಪಿನಲ್ಲಿ ಮೀನಿನ ಆಹಾರದಿಂದ ಪ್ರಾಣಿಗಳ ಒಣರಕ್ತದ ಪುಡಿಯನ್ನು ತೆಗೆದುಹಾಕಿದರು. ಮನುಷ್ಯರ ಸುರಕ್ಷತೆಗೆ ಕೈಗೊಂಡ ತೀರ್ಮಾನ, ತಪ್ಪೆನ್ನಲಾಗದು. ಕೆಲವೇ ಕಾಲದಲ್ಲಿ ಸಾಕಣೆಯ ಸಾಲ್ಮನ್‌ಗಳ ಕಣ್ಣಿಗೆ ದೊಡ್ಡ ಸಂಖ್ಯೆಯಲ್ಲಿ ಪೊರೆ ಬರತೊಡಗಿತು. ರಕ್ತದ ಪುಡಿಯಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿತ್ತು. ಸಮುದ್ರದ ಉಪ್ಪುನೀರಿನಲ್ಲಿ ಮಸೂರದೊಳಗಿನ ನೀರಿನ ಸಮತೋಲ ಕಾಯಲು ಸಾಲ್ಮನ್ನಿಗೆ ಅದು ಬೇಕು. ಆಹಾರದಲ್ಲಿ ಹಿಸ್ಟಿಡಿನ್ ಮತ್ತೆ ಹೆಚ್ಚಿಸಿದಾಗ ಪೊರೆ ಇಳಿಮುಖವಾಯಿತು. ಎಲ್ಲಿಯದೋ ದನದ ಮಿದುಳಿನ ರೋಗ, ಯಾವುದೋ ಕಚೇರಿಯ ಆದೇಶ, ಕೊನೆಗೆ ಕೊಲ್ಲಿಯೊಂದರ ಬಲೆಪಂಜರದಲ್ಲಿ ಕುರುಡಾಗುವ ಮೀನು. ನಮ್ಮ ಶುಕ್ರವಾರದ ಸ್ವಿಚ್ಚಿಗೂ ಅದಕ್ಕೂ ಗಾತ್ರದಲ್ಲಷ್ಟೇ ವ್ಯತ್ಯಾಸ.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ನೀರು ನಾನು ಮಾಡಿದ್ದು, ಹಾಗಾಗಿ ಹೊಣೆ ನನ್ನದು ಎನ್ನುವುದಾದರೆ ಅದೇ ನೀರಿನಲ್ಲಿರುವ ಪಾಚಿಗೂ ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ನಾನು ಅಷ್ಟೇ ಹೊಣೆಗಾರಳೇ? ಶನಿವಾರ ರಾತ್ರಿ ಕೋಟ್ಯಂತರ ಬ್ಯಾಕ್ಟೀರಿಯಾ ಸತ್ತವು, ಅವಕ್ಕಾಗಿ ಯಾರೂ ಮರುಗಲಿಲ್ಲ. ಮೀನಿನ ಕಣ್ಣಿಗಾಗಿ ಓಡಾಡಿದೆವು. ಅಂದರೆ ನೋವಿನ ವಿಚಾರವನ್ನು ಹೊರಗೆ ಕಳಿಸಿದೆ ಅಂದುಕೊಂಡರೂ ಅದು ಹಿತ್ತಲ ಬಾಗಿಲಿನಿಂದ ಒಳಗೆ ಬಂದೇ ಬಂದಿದೆ. ಇದನ್ನು ನಾನು ಒಪ್ಪುತ್ತೇನೆ. ಹೊಣೆ ಹುಟ್ಟುವುದು ನೀರಿನಿಂದ. ಅದು ಯಾರ ಕಡೆಗೆ ಮುಖ ಮಾಡಬೇಕು ಎಂದು ತಿಳಿಸುವುದು ನೋವಿನ ಸಾಧ್ಯತೆ. ಅಲ್ಲಿ ಪೂರ್ತಿ ಖಾತ್ರಿ ಬೇಕಿಲ್ಲ, ಅನುಮಾನವೇ ಸಾಕು. 1960ರ ನಮ್ಮ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಬೇರೆ ಯಾವುದೇ ಜೀವಿ ಎಂದು ವ್ಯಾಖ್ಯಾನಿಸುತ್ತದೆ. ಮಿದುಳಿನ ಹೊರಪದರ ಇದೆಯೇ ಎಂದು ಅದು ಕೇಳುವುದಿಲ್ಲ. ಆ ಕಾಯಿದೆ ಮೀನಂಗಡಿಗಳಲ್ಲಿ ಎಷ್ಟು ಪಾಲನೆಯಾಗುತ್ತದೆ ಎಂಬ ಮಾತು ಬೇರೆ.

ಇನ್ನು ಬ್ಲ್ಯಾಕ್ ಮೂರ್ ಕಣ್ಣಿನ ಸಮಸ್ಯೆಯ ಬಗ್ಗೆ ಹೇಳಬೇಕು. ಈ ಮೀನಿನಲ್ಲಿ ‘ಕಣ್ಣು ಉಬ್ಬಿದೆ’ ಎಂದು ಹೇಳುವುದೇ ಹೇಗೆ? ಅದು ಹುಟ್ಟಿ ಕೆಲವು ತಿಂಗಳಲ್ಲೇ ಉಬ್ಬುಗಣ್ಣಿನದು. ಗೋಲ್ಡ್‌ಫಿಶ್ ಚೀನಾದಲ್ಲಿ ಸಾವಿರ ವರ್ಷದಿಂದ ಸಾಕಿದ ಮೀನು, ಕಾರ್ಪ್ ಕುಲದ್ದು. ತಲೆಮಾರುಗಳ ಆಯ್ಕೆಯಿಂದ ಅದರಲ್ಲಿ ಹೊರಚಾಚಿದ ಕಣ್ಣಿನ ತಳಿ ತಂದರು, ಕಣ್ಣು ಆಕಾಶಕ್ಕೇ ತಿರುಗಿದ ಇನ್ನೊಂದು ತಂದರು, ಕಣ್ಣಿನ ಕೆಳಗೆ ನೀರು ತುಂಬಿದ ಚೀಲ ಜೋತುಬೀಳುವ ‘ಬಬಲ್ ಐ’ ಎಂಬುದನ್ನೂ ತಂದರು. ಆ ಚೀಲ ಚೂಪು ಕಲ್ಲು ತಾಗಿದರೆ ಒಡೆಯುತ್ತದೆ. ಸಾಧಾರಣ ಗೋಲ್ಡ್‌ಫಿಶ್‌ನಲ್ಲಿ ಕಂಡರೆ ವೈದ್ಯರನ್ನು ಹುಡುಕಬೇಕಾದ ಲಕ್ಷಣ ಇಲ್ಲಿ ಬೆಲೆಪಟ್ಟಿಯ ಸೊಗಸು. ಕಪ್ಪು ಮೀನು ಸರಿಯಾಗಿ ಕಾಣದೆ ತಡವರಿಸಿ ಈಜುವುದನ್ನು ನೋಡಿ ಜನ ‘ಎಷ್ಟು ಮುದ್ದು’ ಅನ್ನುತ್ತಾರೆ.

ಜಾರ್ಜ್ ಕಾಂಗಿಲೆಮ್ ಎಂಬ ಫ್ರೆಂಚ್ ವೈದ್ಯ-ತತ್ತ್ವಜ್ಞಾನಿ 1943ರಲ್ಲಿ, ಸಹಜ ಮತ್ತು ರೋಗ ಎಂಬುದರ ಗಡಿಯನ್ನು ಸರಾಸರಿ ಅಂಕಿ ಹಾಕಿ ಎಳೆಯಲಾಗದು ಎಂದು ವಾದಿಸಿದ. ಜೀವಿ ತನ್ನ ಪರಿಸರದ ಏರುಪೇರಿಗೆ ಹೊಸ ರೀತಿಯಲ್ಲಿ ಹೊಂದಿಕೊಂಡು ಬದುಕಬಲ್ಲದೇ ಎಂಬುದು ಅವನಿಗೆ ಆರೋಗ್ಯದ ಅಳತೆ. ಆ ಅಳತೆಯಲ್ಲಿ ಬ್ಲ್ಯಾಕ್ ಮೂರ್ ಆರೋಗ್ಯವಾಗಿದೆ, ಆದರೆ ಒಂದೇ ಒಂದು ಲೋಕದಲ್ಲಿ: ಚೂಪಾದದ್ದೇನೂ ಇಲ್ಲದ, ವೇಗದ ಮೀನುಗಳಿಲ್ಲದ, ಸ್ವಿಚ್ ಆರದ ತೊಟ್ಟಿಯಲ್ಲಿ. ಲೋಕ ಸ್ವಲ್ಪ ಬದಲಾದರೂ ಅದಕ್ಕೆ ಹೊಂದಿಕೊಳ್ಳುವ ದಾರಿ ಉಳಿದಿಲ್ಲ, ಆ ದಾರಿಯನ್ನು ತಲೆಮಾರುಗಳ ಹಿಂದೆಯೇ ಕತ್ತರಿಸಿಯಾಗಿದೆ. ನಾವು ಸೋಮವಾರದಿಂದ ಸೋಮವಾರಕ್ಕೆ ಕಣ್ಣಿನ ಚಿತ್ರ ತೆಗೆದು ಹೋಲಿಸಿದೆವು. ಎಡಗಣ್ಣಿಗಿಂತ ಬಲಗಣ್ಣು ಎಷ್ಟು ಮುಂದಿದೆ, ಹೋದ ವಾರಕ್ಕಿಂತ ಈ ವಾರ ಎಷ್ಟು. ಆ ಮೀನಿನ ರೋಗಕ್ಕೆ ಆ ಮೀನನ್ನೇ ಮಾನದಂಡ ಮಾಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಜರ್ಮನಿಯ ಪ್ರಾಣಿ ಸಂರಕ್ಷಣೆಯ ಕಾನೂನು ಯಾತನೆಯನ್ನೇ ಹುಟ್ಟಿಸುವಂಥ ತಳಿ ಬೆಳೆಸುವುದನ್ನು ನಿಷೇಧಿಸುತ್ತದೆ. ನಮ್ಮಲ್ಲಿ ಇಂಥ ಚರ್ಚೆ ನಾಯಿಗಳ ಮಟ್ಟಿಗೆ ಅಲ್ಲಲ್ಲಿ ಕೇಳಿಸುತ್ತದೆ, ಮೀನಿನವರೆಗೆ ಇಳಿದಿಲ್ಲ. ತೊಟ್ಟಿಯಲ್ಲಿರುವ ಕಪ್ಪು ಮೀನನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೂ ಇನ್ನೊಂದನ್ನು ಕೊಂಡರೆ ಆ ಕಣ್ಣನ್ನು ಮತ್ತೆ ಹುಟ್ಟಿಸಲು ದುಡ್ಡು ಕೊಟ್ಟಂತೆ. ಆರೈಕೆ ಈ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ.

ಚಿಕಿತ್ಸೆಗೆ ಬರೋಣ. ಅಂಗಡಿಯ ನೀಲಿ ಹನಿ ಎಂದರೆ ಮೆಥಿಲೀನ್ ಬ್ಲೂ. ಬೂಷ್ಟಿಗೆ, ಮೊಟ್ಟೆ ಕೆಡದಂತೆ ತಡೆಯಲು, ನೈಟ್ರೈಟ್ ವಿಷಕ್ಕೆ ಅದು ಉಪಯೋಗಿ. ತರಚಿದ ಕಣ್ಣಿಗೆ, ಅಮೋನಿಯಾಕ್ಕೆ ಅದರಿಂದ ಪ್ರಯೋಜನವಿಲ್ಲ. ಜೊತೆಗೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಕೊಡಬಲ್ಲದು. ಅಂದರೆ ಅಮೋನಿಯಾದಿಂದ ಕೆಟ್ಟ ಕಣ್ಣಿಗೆ ಇನ್ನಷ್ಟು ಅಮೋನಿಯಾ. ಮನುಷ್ಯರ ಆ್ಯಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ನೀರಿಗೆ ಹಾಕುವವರೂ ಇದ್ದಾರೆ. ಯಾವ ಸೋಂಕು ಎಂದು ತಿಳಿಯದೆ, ಎಷ್ಟು ಪ್ರಮಾಣ ಎಂದು ತಿಳಿಯದೆ ಹಾಕಿದ್ದು ಮರುದಿನ ಬಕೆಟ್ಟಿನಲ್ಲಿ ಚರಂಡಿಗೆ ಹೋಗುತ್ತದೆ. ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಸಾಕುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಇಲ್ಲಿ ನನಗೆ ಕಣ್ಣಪ್ಪನ ಕತೆ ನೆನಪಾಗುತ್ತದೆ. ನಮಗೆ ಅದು ರಾಜ್‌ಕುಮಾರ್ ನಟಿಸಿದ 1954ರ ‘ಬೇಡರ ಕಣ್ಣಪ್ಪ’ದಿಂದ ಪರಿಚಿತ; ಸೇಕ್ಕಿಳಾರನ ತಮಿಳು ಪೆರಿಯಪುರಾಣದಲ್ಲಿ ಅದು ಹೆಜ್ಜೆಹೆಜ್ಜೆಯಾಗಿ ಬರುತ್ತದೆ. ಕಾಳಹಸ್ತಿಯ ಲಿಂಗದ ಕಣ್ಣಲ್ಲಿ ರಕ್ತ ಸುರಿಯುವುದನ್ನು ಕಂಡ ಬೇಡ ಮೊದಲು ಬಿಲ್ಲು ಹಿಡಿದು ಇದನ್ನು ಮಾಡಿದವನನ್ನು ಹುಡುಕಿ ಹೊರಡುತ್ತಾನೆ. ಯಾರೂ ಸಿಗುವುದಿಲ್ಲ. ಆಮೇಲೆ ಕಾಡಿಗೆ ಹೋಗಿ ಸೊಪ್ಪು ತಂದು ಹಿಂಡುತ್ತಾನೆ. ರಕ್ತ ನಿಲ್ಲುವುದಿಲ್ಲ. ಆಗಷ್ಟೇ ತನ್ನ ಕಣ್ಣಿಗೆ ಕೈ ಹಾಕುತ್ತಾನೆ. ಲಿಂಗಕ್ಕೆ ನೋವಾಗುತ್ತದೆಯೇ ಎಂದು ಅವನು ಕೇಳಲಿಲ್ಲ, ಅದು ಭಕ್ತಿಯ ಮಾತು. ನನ್ನ ಗಮನ ಇರುವುದು ಆ ಸೊಪ್ಪಿನ ಮೇಲೆ. ಕತೆ ಹೇಳುವವರೆಲ್ಲ ಕಣ್ಣು ಕಿತ್ತುಕೊಟ್ಟದ್ದನ್ನು ನೆನಪಿಟ್ಟುಕೊಂಡು ಸೊಪ್ಪು ಹುಡುಕಿದ್ದನ್ನು ಮರೆಯುತ್ತಾರೆ. ಆರೈಕೆಯಲ್ಲಿ ದೊಡ್ಡದಾಗಿ ಕಾಣುವ ಕ್ರಿಯೆಯ ಮೇಲೆ ನಮಗೆ ಮೋಹ. ಬಾಟಲಿ ತಂದು ನೀಲಿ ಹನಿ ಹಾಕಿದರೆ ನೀರಿನ ಬಣ್ಣವೇ ಬದಲಾಗುತ್ತದೆ. ಏನೋ ಮಾಡಿದೆವು ಎಂದು ಕಣ್ಣಿಗೇ ಕಾಣುತ್ತದೆ. ಆ ಸಮಾಧಾನ ಸಿಗುವುದು ನಮಗೆ, ಮೀನಿಗಲ್ಲ.

ನಾವು ಮಾಡಿದ್ದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ದಿನಾ ಕಾಲುಭಾಗ ನೀರು ತೆಗೆದು, ಆ್ಯಂಟಿ ಕ್ಲೋರಿನ್ ಹಾಕಿ ಅದೇ ಶಾಖಕ್ಕೆ ತಂದ ನೀರು ಸೇರಿಸಿದೆವು. ಊಟ ಅರ್ಧಕ್ಕಿಳಿಸಿದೆವು. ಪ್ಲಾಸ್ಟಿಕ್ ಗಿಡ ತೆಗೆದೆವು. ಊತ ಇಳಿಯಲೆಂದು ಕಪ್ಪು ಮೀನನ್ನು ಕೆಲವು ದಿನ ಬೇರೆ ಟಬ್ಬಿನಲ್ಲಿಟ್ಟು 20 ಲೀಟರಿಗೆ ಒಂದು ಟೀ ಚಮಚದಂತೆ ಎಪ್ಸಮ್ ಸಾಲ್ಟ್ ಕರಗಿಸಿ ಹಾಕಿದೆವು. ಕಣ್ಣಿನ ಹಿಂದೆ ತುಂಬಿದ ದ್ರವವನ್ನು ಹೊರಸೆಳೆಯಲು ಇದು ನೆರವಾಗುತ್ತದೆ. ಫಿಲ್ಟರಿಗೆ ಬೇರೆ ಲೈನ್ ಬೇಕೆಂದು ಅರ್ಜಿ ಬರೆದೆವು. ಮೂರು ಸಹಿ, ಹದಿನೈದು ದಿನ. ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಅದೇ. ಊತ ಇಳಿಯಿತು, ಮಬ್ಬು ತೆಳುವಾಯಿತು. ಕಣ್ಣಿನ ನಡುವೆ ಬಿಳಿ ಚುಕ್ಕೆಯೊಂದು ಉಳಿದಿದೆ. ಆ ಕಡೆಯಿಂದ ಬೆರಳು ತಂದರೆ ಅದಕ್ಕೆ ಗೊತ್ತಾಗುವುದಿಲ್ಲ.

ಒಂದು ಕಣ್ಣು ಹೋದ ಮೀನು ಬದುಕುತ್ತದೆ, ಎರಡೂ ಹೋದದ್ದೂ ಬದುಕಬಲ್ಲದು. ಮೈಯ ಎರಡು ಬದಿಗೂ ಇರುವ ಪಾರ್ಶ್ವರೇಖೆ ನೀರಿನ ಕದಲಿಕೆಯನ್ನು ಗ್ರಹಿಸುತ್ತದೆ, ವಾಸನೆ ಊಟದ ದಾರಿ ತೋರಿಸುತ್ತದೆ. ಮೆಕ್ಸಿಕೋದ ಗುಹೆಗಳಲ್ಲಿ ಕಣ್ಣೇ ಇಲ್ಲದೆ ಬದುಕುವ ಟೆಟ್ರಾ ಮೀನುಗಳು ಅಂಗಡಿಗಳಲ್ಲೂ ಸಿಗುತ್ತವೆ. ಅವಕ್ಕೆ ಆ ಕುರುಡು ರೋಗವಲ್ಲ. ಮೈ ತುಂಬ ಹುರುಪೆಗಳೆದ್ದು, ಊಟ ಬಿಟ್ಟು, ಮಗ್ಗುಲಾಗಿ ತೇಲುವ ಮೀನಿನ ವಿಷಯ ಬೇರೆ. ಅದಕ್ಕೆ ಲವಂಗದೆಣ್ಣೆಯ ಸಾರವನ್ನು ಅರಿವಳಿಕೆಯ ಮಿತಿ ಮೀರಿ ಕೊಟ್ಟು ನೋವಿಲ್ಲದೆ ಕಳಿಸುವ ಕ್ರಮವಿದೆ. ಟಾಯ್ಲೆಟ್ಟಿನಲ್ಲಿ ಸುರಿಯುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಕೆನಡಾದ ವ್ಯಾಂಕೂವರ್ ಅಕ್ವೇರಿಯಂನಲ್ಲಿ ಒಂದು ರಾಕ್‌ಫಿಶ್‌ಗೆ ಕೃತಕ ಕಣ್ಣು ಹೊಲಿದರು. ಅದರಿಂದ ಮೀನಿಗೆ ಏನೂ ಕಾಣುವುದಿಲ್ಲ. ಒಂದು ಕಡೆ ಕಣ್ಣಿಲ್ಲದ್ದನ್ನು ಕಂಡರೆ ಉಳಿದ ಮೀನುಗಳು ಆ ಕಡೆಯಿಂದಲೇ ಬಂದು ಕಚ್ಚುತ್ತವೆ, ಅದಕ್ಕೆ. ಮೊದಲು ಇದನ್ನು ಓದಿದಾಗ ನೋಡಲು ಬರುವ ಜನರ ಕಣ್ಣಿಗೆ ಹಿತವಾಗಲೆಂದು ಮಾಡಿದ ಅಲಂಕಾರವಿರಬೇಕು ಎಂಬ ಅನುಮಾನ ಬಂದಿತ್ತು. ಈಗ ಹಾಗನ್ನಿಸುವುದಿಲ್ಲ. ನೋಡಲಾಗದ ಕಣ್ಣೂ ಇತರರ ನೋಟದಿಂದ ಕಾಪಾಡಬಲ್ಲದು ಎಂದು ಯಾರೋ ಮೀನುಗಳ ನಡುವಿನ ಬದುಕನ್ನು ತಾಳ್ಮೆಯಿಂದ ಗಮನಿಸಿ ಕಂಡುಕೊಂಡಿದ್ದಾರೆ. ನಮ್ಮ ತೊಟ್ಟಿಯಲ್ಲಿ ಅಷ್ಟೆಲ್ಲ ಬೇಕಾಗಲಿಲ್ಲ. ಕಿತ್ತಳೆ ಮೀನು ಚುರುಕು, ಕಾಳನ್ನೆಲ್ಲ ತಾನೇ ಮುಗಿಸುತ್ತಿತ್ತು. ಹಾಗಾಗಿ ಅದಕ್ಕೆ ಒಂದು ಮೂಲೆಯಲ್ಲಿ ಕಾಳು ಹಾಕಿ, ಅದು ಅಲ್ಲಿರುವಾಗ ಕಪ್ಪು ಮೀನಿನ ಎಡಗಡೆಗೆ ಇನ್ನೊಂದು ಚಿಟಿಕೆ ಹಾಕುತ್ತೇವೆ.

ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು, ನಮ್ಮಲ್ಲಿ ಯಾರ ಪಿಎಚ್‌.ಡಿಗಿಂತಲೂ ದೀರ್ಘ. ಇವೆರಡು ಹೋದ ಮೇಲೆ ಏನು ಎಂಬ ಚರ್ಚೆ ಈಗಲೇ ಶುರುವಾಗಿದೆ. ಇನ್ನೊಂದು ಬ್ಲ್ಯಾಕ್ ಮೂರ್ ತರಬಾರದು ಎಂಬುದರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಹಾಗಾದರೆ ಸಾಧಾರಣ ಗೋಲ್ಡ್‌ಫಿಶ್ ತರೋಣ ಎಂದು ಆ ಕಿರಿಯ ಹೇಳುತ್ತಾನೆ. ಅದು ಒಂದು ಅಡಿಯವರೆಗೆ ಬೆಳೆಯುವ ಮೀನು, ಈಗಿರುವ ಒಂದಕ್ಕೇ 60 ಲೀಟರ್ ಸಾಲುತ್ತಿಲ್ಲ ಎಂದು ನಾನು ಹೇಳುತ್ತೇನೆ. ದೊಡ್ಡ ತೊಟ್ಟಿ ಇಡಲು ಕೋಣೆಯಲ್ಲಿ ಜಾಗವಿಲ್ಲ. ಬರಿಯ ಗಿಡ ಬೆಳೆಸೋಣ ಅನ್ನುವವರೂ ಇದ್ದಾರೆ. “ಮೀನಿಲ್ಲದ ತೊಟ್ಟಿ ಯಾರಿಗೆ ಬೇಕು ಅಕ್ಕಾ?” ಅನ್ನುತ್ತಾನೆ ಅವನು. ಇನ್ನೂ ತೀರ್ಮಾನವಾಗಿಲ್ಲ.